ಹೊಂಡ ತೋಡಿದರಷ್ಟೇ ಸಾಲದು!

ದಢೇಸುಗೂರು: ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ಭತ್ತ ಕೊಟ್ಟಿತು, ಜೊತೆಗೆ ಸವಳು-ಜವಳನ್ನೂ ಕೊಟ್ಟಿತು. ಭತ್ತ ಬಾರದ ತಗ್ಗು ಹೊಲದಲ್ಲಿ, ಉಪ್ಪು ಮಿತಿಯಲ್ಲಿದ್ದರೆ, ಕಾಟ್ಲಾ, ರೋಹು ಸಾಕಬಹುದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಹೆಕ್ಟೇರು ಹೊಂಡಕ್ಕೆ 7 ಲಕ್ಷ ರೂಪಾಯಿ ಖರ್ಚು ಹಿಡಿದು, ಸಾಮಾನ್ಯ ವರ್ಗಕ್ಕೆ ಶೇಕಡಾ 40, ಪರಿಶಿಷ್ಟರಿಗೂ ಮಹಿಳೆಯರಿಗೂ 60 ಸಹಾಯಧನ ಗೊತ್ತುಮಾಡಿತು. ಒಳ್ಳೆಯದೇ. ಉಳಿದ ದುಡ್ಡು ಸಣ್ಣ ರೈತ ಎಲ್ಲಿಂದ ತರಬೇಕು? ಸಾಲ ಮಾಡಿ ತಂದನೆನ್ನಿ. ಮರಿ ಬೆಳೆದು ಮಾರಾಟಕ್ಕೆ ಬರಲು ಎಂಟ್ಹತ್ತು ತಿಂಗಳು ಬೇಕು. ನಡುವೆ ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಮೀನು ಬದುಕೀತೇ? ನೀರಾವರಿಯವರೂ ಮೀನುಗಾರಿಕೆ ಇಲಾಖೆಯವರೂ ಒಟ್ಟಿಗೆ ಕೂತು, ಕಾಲುವೆ ನಿಲ್ಲುವ ಮೊದಲೇ ಹೊಂಡ ತುಂಬಿಸುವ ಏರ್ಪಾಡು ಮಾಡಲಿ. ಇಲ್ಲದಿದ್ದರೆ ರೈತನಿಗೆ ಉಳಿಯುವುದು ಒಣಗಿದ ಹೊಂಡ, ತೀರದ ಸಾಲ.