ಮೂಲೆ ಸೇರಿದ ಗಿಟಾರು

ಮುಂಬಯಿಯ ನಮ್ಮ ಮನೆಗಳಲ್ಲಿ ಕಪಾಟಿನ ಮೇಲೆ ಧೂಳು ಹಿಡಿದ ಗಿಟಾರುಗಳು ಹಲವಿವೆ. ಕೊಂಡಾಗಿನ ಉತ್ಸಾಹ ಇಂಗಿದೆ; ಕಡಲೂರಿನ ತೇವಕ್ಕೆ ಉಕ್ಕಿನ ತಂತಿಗಳು ತುಕ್ಕು ಹಿಡಿದಿವೆ. ಇತ್ತ, ಕಲಿಯುವ ಹಂಬಲವಿದ್ದೂ ವಾದ್ಯವಿಲ್ಲದ ತರುಣ ತರುಣಿಯರು ನಮ್ಮ ಸಂಘದಲ್ಲೇ ಇದ್ದಾರೆ. ಇವೆರಡನ್ನು ಕೂಡಿಸುವುದು ಸಂಘದ ಕೆಲಸವಲ್ಲವೆ?

ಗಿಟಾರು ನಮ್ಮದಲ್ಲವೆಂದು ಕೆಲ ಹಿರಿಯರು ಆಕ್ಷೇಪಿಸಬಹುದು. ಪಿಟೀಲೂ ಹೊರಗಿನಿಂದ ಬಂದದ್ದೇ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಬಾಲುಸ್ವಾಮಿ ದೀಕ್ಷಿತರು (1786–1859) ಮೊದಲಿಗರು, ಮೈಸೂರಿನ ಟಿ. ಚೌಡಯ್ಯನವರು ಅದರ ನಾಲ್ಕು ತಂತಿಗಳನ್ನು ಏಳಾಗಿಸಿದರು. ವಾದ್ಯವು ನಮ್ಮದಾಗುವುದು ಹುಟ್ಟಿನಿಂದಲ್ಲ, ಸಾಧನೆಯಿಂದ.

ಆದರೆ ಎರವಲು ಕೊಟ್ಟರಷ್ಟೇ ಸಾಲದು. ತಂತಿಗಳು ಮೆಟ್ಟುಗಳಿಂದ ಅತಿ ಎತ್ತರದಲ್ಲಿದ್ದರೆ ಹೊಸಬರ ಬೆರಳು ನೋಯುತ್ತದೆ. ದೋಷ ತಮ್ಮದೇ ಎಂದು ಬಗೆದು ಅವರು ಕಲಿಕೆಯನ್ನೇ ಬಿಡುತ್ತಾರೆ. ಬೆರಳನ್ನು ಮೆಟ್ಟಿನ ಮೇಲಲ್ಲ, ಅದರ ಹಿಂಬದಿಗೆ ತೀರ ಹತ್ತಿರದಲ್ಲಿ ಒತ್ತಬೇಕೆಂಬುದು ಬಲ್ಲವರು ತೋರಿಸಿದರೆ ನಿಮಿಷದ ಪಾಠ. ಇಲ್ಲವಾದರೆ ತಿಂಗಳುಗಳ ಹೆಣಗಾಟ.

ಆದ್ದರಿಂದ ವಾದ್ಯ ಕೊಡುವವರು, ನುಡಿಸಬಲ್ಲವರಾದರೆ, ವಾರಕ್ಕೊಂದು ಗಂಟೆಯನ್ನೂ ಕೊಡಲಿ. ಪಡೆದವರು ನುಡಿಸಿದ ಮೇಲೆ ತಂತಿಗಳನ್ನು ಒರೆಸಲಿ, ಕಡಿದದ್ದನ್ನು ಹೊಸದಾಗಿ ಹಾಕಿಯೇ ಮರಳಿಸಲಿ. ನಮ್ಮ ಗ್ರಂಥಾಲಯ ಬೆಳೆದದ್ದೂ ಇಂಥ ಕೊಡುಕೊಳೆಯಿಂದಲೇ.