ಬೆವರಾದ ನೆತ್ತರು, ಇಲಿಯಾದ ನಾಯಿ

ವಿಡಿಯೊ ಆಟಗಳಲ್ಲಿನ ಹಿಂಸೆಯನ್ನು ಆಕ್ಷೇಪಿಸುವವರಿಗೆ ಅವುಗಳ ತಯಾರಕರು ಒಂದು ಸಿದ್ಧ ಉತ್ತರವನ್ನು ಇಟ್ಟುಕೊಂಡಿದ್ದಾರೆ. ಆಯಾ ದೇಶದ ಜನರ ಸಂವೇದನೆಗೆ ತಕ್ಕಂತೆ ಆಟವನ್ನು ತಿದ್ದಿಯೇ ಮಾರುತ್ತೇವೆ ಎಂಬುದೇ ಆ ಉತ್ತರ. ಈ ತಿದ್ದುಪಡಿಯಿಂದ ಯಾರ ಮನಸ್ಸು ಎಷ್ಟು ಶುದ್ಧವಾಯಿತೆಂದು ಪರಿಶೀಲಿಸಿದರೆ, ಇದು ಸಭ್ಯತೆಯ ಹೆಸರಿನಲ್ಲಿ ನಡೆಯುವ ವೇಷಾಂತರದ ವ್ಯಾಪಾರವೆಂಬುದು ವಿಚಾರವಂತರಿಗೆ ಮನವರಿಕೆಯಾಗದೆ ಇರದು.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅನೇಕ ಮನೆಗಳಿಗೆ ಬಂದ ಅಗ್ಗದ ಆಟದ ಯಂತ್ರಗಳನ್ನು ಬಲ್ಲವರಿಗೆ 'ಕಾಂಟ್ರಾ' ಕ್ಯಾಸೆಟ್ಟಿನ ಪರಿಚಯ ಬೇಕಿಲ್ಲ. ಜಪಾನಿನ ಕೊನಾಮಿ ಸಂಸ್ಥೆಯ ಈ ಆಟದಲ್ಲಿ ಇಬ್ಬರು ಯೋಧರು ಎದುರಾದವರನ್ನೆಲ್ಲ ಗುಂಡಿಟ್ಟು ಕೆಡಹುತ್ತ ಮುನ್ನಡೆಯುತ್ತಾರೆ. 1988ರಲ್ಲಿ ಜಪಾನ್ ಮತ್ತು ಅಮೆರಿಕಗಳ ಮನೆಗಳಿಗೆ ಬಂದ ಇದೇ ಆಟ 1990ರಲ್ಲಿ ಯುರೋಪಿಗೆ ಹೋಗುವಾಗ 'ಪ್ರೊಬೊಟೆಕ್ಟರ್' ಎಂಬ ಹೆಸರು ತಳೆಯಿತು. ಯೋಧರಿಬ್ಬರೂ ಯಂತ್ರಮಾನವರಾದರು, ಶತ್ರುಸೈನಿಕರೂ ಯಂತ್ರಮಾನವರಾದರು. ಎಳೆಯರಿಗೆ ಹಾನಿಕರವೆಂದು ಕಂಡ ಕೃತಿಗಳನ್ನು ಪಟ್ಟಿಗೆ ಸೇರಿಸಿ ಅವುಗಳ ಜಾಹೀರಾತನ್ನೂ ಬಹಿರಂಗ ಮಾರಾಟವನ್ನೂ ತಡೆಯುವ ಜರ್ಮನಿಯ ಕಟ್ಟುನಿಟ್ಟಿನಿಂದ ತಪ್ಪಿಸಿಕೊಳ್ಳುವ ಉಪಾಯವಿದು. ನೆಗೆತ ಅದೇ, ಗುಂಡು ಅದೇ, ಹುಡುಗನ ಹೆಬ್ಬೆರಳು ಮಾಡುವ ಕೆಲಸವೂ ಅದೇ. ಜಪಾನಿನಲ್ಲಿ ಈ ಕಥೆ ನಡೆಯುವುದು 2633ನೆಯ ಇಸವಿಯಲ್ಲಿ, ನ್ಯೂಜಿಲೆಂಡ್ ಬಳಿಯ ಕಲ್ಪಿತ ದ್ವೀಪಸಮೂಹದಲ್ಲಿ. ಅಮೆರಿಕದ ಮಕ್ಕಳಿಗೆ ಕೊಟ್ಟ ಪುಸ್ತಿಕೆಯಲ್ಲಿ ಅದು ವರ್ತಮಾನ ಕಾಲದ ಅಮೆಜಾನ್ ಕಾಡಿಗೆ ಬಂದಿತು. ವೈರಿಯನ್ನು ಪಕ್ಕದ ಖಂಡದಲ್ಲಿ ತೋರಿಸಿಕೊಡುವುದು ಯಾವ ಸಂವೇದನೆಯ ರಕ್ಷಣೆಯೋ!

ಇದಕ್ಕಿಂತ ವಿಚಿತ್ರವಾದದ್ದು 'ವುಲ್ಫೆನ್‌ಸ್ಟೈನ್ ತ್ರೀಡಿ'ಯ ಸಂಗತಿ. ನಾಜಿಗಳ ಕೋಟೆಯಲ್ಲಿ ಸೆರೆಸಿಕ್ಕ ಸೈನಿಕನೊಬ್ಬ ಕಾವಲುಗಾರರನ್ನೂ ಅವರ ನಾಯಿಗಳನ್ನೂ ಕೊಲ್ಲುತ್ತ ಹೊರಬೀಳುವ ಈ ಆಟವನ್ನು ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆ 1992ರಲ್ಲಿ ಹೊರತಂದಿತು. ಜರ್ಮನಿ 1994ರಲ್ಲಿ ಇದನ್ನು ಮುಟ್ಟುಗೋಲು ಹಾಕಿಕೊಂಡಿತು. ನಾಜಿ ಲಾಂಛನಗಳ ಪ್ರದರ್ಶನ ಅಲ್ಲಿನ ದಂಡಸಂಹಿತೆಗೆ ವಿರುದ್ಧವಾಗಿತ್ತು. ಆ ದೇಶದ ಇತಿಹಾಸವನ್ನು ಬಲ್ಲವರು ಇದನ್ನು ಹಳಿಯಲಾರರು. ಆದರೆ ಅದೇ ವರ್ಷ ಈ ಆಟ ಸೂಪರ್ ನಿಂಟೆಂಡೊ ಯಂತ್ರಕ್ಕೆ ಬಂದಾಗ ನಿಂಟೆಂಡೊ ಕಂಪನಿಯ ನಿಯಮಗಳಿಗೆ ತಲೆಬಾಗಿ ಆದ ಮಾರ್ಪಾಟುಗಳನ್ನು ನೋಡಿರಿ. ಲಾಂಛನ ಮಾಯವಾಯಿತು, ಹಿಟ್ಲರನ ಮೀಸೆ ಹೋಯಿತು, ನೆತ್ತರು ಬೆವರಾಯಿತು, ನಾಯಿಗಳು ದೈತ್ಯ ಇಲಿಗಳಾದವು. ಮನುಷ್ಯರು ಮಾತ್ರ ಮನುಷ್ಯರಾಗಿಯೇ ಉಳಿದರು. ಗುಂಡೂ ಗುಂಡಾಗಿಯೇ ಉಳಿಯಿತು.

ನಾಯಿಯನ್ನು ಕೊಲ್ಲಬಾರದು, ಇಲಿಯನ್ನು ಕೊಲ್ಲಬಹುದು! ಇದು ಯಾವ ಶಾಸ್ತ್ರ? ನಾಯಿಯೂ ಪಂಚೇಂದ್ರಿಯ ಜೀವ, ಇಲಿಯೂ ಪಂಚೇಂದ್ರಿಯ ಜೀವ. ಭೇದವಿರುವುದು ಅವುಗಳ ಪ್ರಾಣದಲ್ಲಲ್ಲ, ಆಟ ಕೊಳ್ಳುವ ಗೃಹಸ್ಥನ ಮನೆಯಲ್ಲಿ. ಒಂದು ಅವನು ಸಾಕುವ ಪ್ರಾಣಿ. ಇನ್ನೊಂದು ಅವನು ಪಾಷಾಣವಿಡುವ ಪ್ರಾಣಿ. ಈ ತಿದ್ದುಪಡಿ ಕಾಪಾಡಿದ್ದು ನಾಯಿಯನ್ನಲ್ಲ, ಗಿರಾಕಿಯ ನೆಮ್ಮದಿಯನ್ನು.

ಪರದೆಯ ಮೇಲಿನ ಬೆಳಕಿನ ಚುಕ್ಕಿಗಳಿಗೆ ಪ್ರಾಣವೆಲ್ಲಿಯದು, ಯಾರೂ ಸಾಯದ ಕೊಲೆಗೆ ದೋಷವೆಲ್ಲಿಯದು ಎಂದು ಕೇಳುವವರಿದ್ದಾರೆ. ದ್ರವ್ಯಹಿಂಸೆ ಇಲ್ಲವೆಂಬುದನ್ನು ಒಪ್ಪೋಣ. ಆಟವಾಡಿದ ಹುಡುಗನನ್ನು ಕೊಲೆಗಾರನೆಂದು ಕರೆಯುವವರ ಗುಂಪಿಗೆ ಈ ಲೇಖಕ ಸೇರಿದವನಲ್ಲ. ಆದರೆ ಭಾವಹಿಂಸೆಯ ಪ್ರಶ್ನೆ ಕನ್ನಡಿಗರಿಗೆ ಹೊಸತೆ? 13ನೆಯ ಶತಮಾನದ ಆರಂಭದಲ್ಲಿಯೇ ಜನ್ನಕವಿ 'ಯಶೋಧರ ಚರಿತೆ'ಯಲ್ಲಿ ಇದನ್ನು ಎತ್ತಿದ್ದಾನೆ. ತಾಯಿ ಚಂದ್ರಮತಿ ಜೀವಬಲಿಯನ್ನು ಬಯಸಿದಾಗ ಅರಸ ಯಶೋಧರ ಒಲ್ಲೆನೆಂದ. ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪಿದ. ಇಂದಿನ ಮಾರುಕಟ್ಟೆಯ ಭಾಷೆಯಲ್ಲಿ ಹೇಳುವುದಾದರೆ ಅದು ಅವನ ಸಂವೇದನೆಗೆ ತಕ್ಕ ತಿದ್ದುಪಡಿ. ಆದರೂ ಕತ್ತಿ ಎತ್ತಿದ ಸಂಕಲ್ಪದ ಫಲವಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಭವಭವಗಳಲ್ಲಿ ತೊಳಲಿದರು. ಕೋಳಿಯ ಬದಲು ಹಿಟ್ಟು, ನಾಯಿಯ ಬದಲು ಇಲಿ, ಸೈನಿಕನ ಬದಲು ಯಂತ್ರ. ಬದಲಾದದ್ದು ಬಲಿಯ ರೂಪವೇ ಹೊರತು ಎತ್ತಿದ ಕೈಯಲ್ಲ. ಯಶೋಧರನಾದರೋ ಅಳುಕಿದವನು. ಇಲ್ಲಿ ಅಳುಕುವವರು ಕಂಪನಿಯ ಮಾರಾಟ ವಿಭಾಗದವರು ಮಾತ್ರ. ಆ ಅಳುಕೂ ಬಹುಕಾಲ ನಿಲ್ಲುವುದಿಲ್ಲ. 1993ರ 'ಮಾರ್ಟಲ್ ಕಾಂಬ್ಯಾಟ್' ಆಟದಲ್ಲಿ ನಿಂಟೆಂಡೊ ನೆತ್ತರನ್ನು ಬೆವರಾಗಿಸಿತು. ಪ್ರತಿಸ್ಪರ್ಧಿ ಸೆಗಾ ಗುಂಡಿಗಳ ಒಂದು ಗುಪ್ತ ಅನುಕ್ರಮದ ಹಿಂದೆ ಅದನ್ನು ಬಚ್ಚಿಟ್ಟು, ಹೆಚ್ಚು ಮಾರಿತು. ಮರುವರ್ಷ ಅದರ ಎರಡನೆಯ ಭಾಗ ಬಂದಾಗ ನಿಂಟೆಂಡೊ ಯಂತ್ರದಲ್ಲಿಯೂ ಅಮೆರಿಕದವರಿಗೆ ನೆತ್ತರು ಕೆಂಪಾಗಿ ಹರಿಯಿತು, ಜಪಾನಿನವರಿಗೆ ಹಸಿರಾಗಿ!

ಇನ್ನು ಬಚ್ಚಿಟ್ಟ ಭಾಗಗಳ ವಿಚಾರ. 2004ರಲ್ಲಿ ಬಂದ 'ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್' ಆಟದಲ್ಲಿ ಹಾದಿಹೋಕರನ್ನು ಹೊಡೆದು ಕೊಲ್ಲಬಹುದು, ವಾಹನ ಹರಿಸಿ ಕೊಲ್ಲಬಹುದು. ಅಮೆರಿಕದ ವರ್ಗೀಕರಣ ಮಂಡಳಿ ಇದನ್ನು 17 ವರ್ಷ ದಾಟಿದವರಿಗೆ ತಕ್ಕುದೆಂದಿತ್ತು. 2005ರಲ್ಲಿ, ತಯಾರಕರು ಬಳಸದೆ ಡಿಸ್ಕಿನೊಳಗೇ ಉಳಿಸಿದ್ದ ಸ್ತ್ರೀಪುರುಷ ಸಮಾಗಮದ ಒಂದು ದೃಶ್ಯವನ್ನು ಹವ್ಯಾಸಿಗಳು ತೆರೆದು ತೋರಿಸಿದರು. ಸಂಸ್ಥೆ ಮೊದಲು ಆ ಹವ್ಯಾಸಿಗಳನ್ನೇ ದೂರಿತು. ಆದರೆ ಅದು ಮಾರಿದ ಡಿಸ್ಕಿನಲ್ಲಿಯೇ ಆ ಭಾಗವಿತ್ತು. ಮಂಡಳಿ ಆಟವನ್ನು ವಯಸ್ಕರಿಗೆ ಮಾತ್ರವೆಂದು ಸಾರಿತು, ದೊಡ್ಡ ಅಂಗಡಿಗಳು ಅದನ್ನು ಹೊರಗಿಟ್ಟವು, ಆಸ್ಟ್ರೇಲಿಯ ಮಾರಾಟವನ್ನೇ ತಡೆಯಿತು. ಆ ದೃಶ್ಯವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ; ಮುಚ್ಚಿಟ್ಟು ಮಾರಿದ್ದಂತೂ ವಂಚನೆಯೇ ಸರಿ. ಆದರೆ ಅದನ್ನು ಕಿತ್ತುಹಾಕಿ ಮರಳಿ ತಂದಾಗ ಹಳೆಯ ದರ್ಜೆಯೇ ದೊರೆಯಿತಲ್ಲ! ಕೊಲೆಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಕಾಣದಂತಿದ್ದ ಕಾಮಕ್ಕೆ ಶಿಕ್ಷೆ, ಕಣ್ಣೆದುರಿನ ಕೊಲೆಗೆ ಮುದ್ರೆ.

ಆಟಗಳನ್ನು ಪರೀಕ್ಷಿಸುವವರು ನೆತ್ತರಿನ ಬಣ್ಣವನ್ನು ಬಿಟ್ಟು, ಆಡುವವನಿಂದ ಆಟವು ಏನನ್ನು ಮಾಡಿಸುತ್ತದೆ, ಯಾವುದಕ್ಕೆ ಬಹುಮಾನ ಕೊಡುತ್ತದೆ ಎಂದು ಕೇಳಬೇಕು. ಯಾವ ದೇಶಕ್ಕಾಗಿ ಏನನ್ನು ಬದಲಿಸಿದೆ, ಏನನ್ನು ಒಳಗೆ ಉಳಿಸಿದೆ ಎಂಬುದು ಹೊದಿಕೆಯ ಮೇಲೆ ಅಚ್ಚಾಗಬೇಕು. ಕ್ರಿಯೆಯನ್ನೇ ಬದಲಿಸುವುದು ಅಸಾಧ್ಯವೆಂದು ಅವರು ಹೇಳುವಂತಿಲ್ಲ. ಇದೇ ವುಲ್ಫೆನ್‌ಸ್ಟೈನಿನ ಒಳಯಂತ್ರವನ್ನು ಬಳಸಿ 1994ರಲ್ಲಿಯೇ ವಿಸ್ಡಮ್ ಟ್ರೀ ಎಂಬ ಕ್ರೈಸ್ತ ಆಟಗಳ ಸಂಸ್ಥೆ ನೋಹನ ನಾವೆಯ ಆಟವೊಂದನ್ನು ರಚಿಸಿತು. ಅದೇ ಓಣಿಗಳು, ಅದೇ ಓಟ. ಆದರೆ ನೋಹನ ಕೈಯಲ್ಲಿರುವುದು ಕವಣೆ; ಅದರಿಂದ ಹಾರುವುದು ಆಹಾರ. ರೇಗಿ ಮೇಲೆಬೀಳುವ ಆಡುಗಳು ಅದನ್ನು ತಿಂದು ನಿದ್ರೆಹೋಗುತ್ತವೆ. ಗುರಿಯಿಟ್ಟು ಹೊಡೆಯುವ ಅಭ್ಯಾಸ ಇಲ್ಲಿಯೂ ಉಳಿಯಿತಲ್ಲ ಎನ್ನಬಹುದು. ಉಳಿಯಿತು ನಿಜ, ಆದರೆ ಸಂಕಲ್ಪ ಬೇರೆಯಾಯಿತು. ಇಲಿಗಳನ್ನು ಕೊಲ್ಲುವ ಆಟಕ್ಕೆ ನಿಂಟೆಂಡೊ ಪರವಾನಗಿಯಿತ್ತು, ಆಡುಗಳಿಗೆ ಉಣಿಸುವ ಆಟಕ್ಕೆ ಇರಲಿಲ್ಲ. ಯಂತ್ರದ ಕಾವಲು ವ್ಯವಸ್ಥೆ ಅದನ್ನು ಒಳಬಿಡಬೇಕಾದರೆ, ಪರವಾನಗಿ ಪಡೆದ ಬೇರೊಂದು ಆಟದ ಕ್ಯಾಸೆಟ್ಟನ್ನು ಅದರ ನೆತ್ತಿಯ ಮೇಲೆ ಸಿಕ್ಕಿಸಬೇಕಾಗುತ್ತಿತ್ತು.