ಅಮರಾವತಿ ಕ್ಯಾಂಪಸ್‌ನಲ್ಲಿ ನೀರಿನ ಲೆಕ್ಕ ಕಲಿಸೋರು ಯಾರು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಕೆ.ಜಿ. ಗೂಡಿಗೆ ಇಷ್ಟು ಅಂತ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಚಾಕಿ ಹುಳು, ಗೊಬ್ಬರ, ಕೂಲಿ, ಗಾಡಿ ಬಾಡಿಗೆ ಎಲ್ಲವನ್ನೂ ರೈತ ಆ ಬೆಲೆಯಲ್ಲೇ ಸರಿದೂಗಿಸಬೇಕು. ಆದರೆ ಹಿಪ್ಪುನೇರಳೆ ಸೊಪ್ಪು ಬೆಳೆಸಿದ ನೀರು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಕಾರಣ ಎಲ್ಲರಿಗೂ ಗೊತ್ತಿರೋದೇ. 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಮೋಟಾರು ಒಂದು ಗಂಟೆ ಓಡಿದರೂ ಆರು ಗಂಟೆ ಓಡಿದರೂ ರೈತನ ಜೇಬಿಗೆ ವ್ಯತ್ಯಾಸ ಕಾಣಲ್ಲ. ಬೆಲೆ ಗೊತ್ತಾಗೋದು ಬೋರ್‌ವೆಲ್ ಬತ್ತಿದ ದಿನ, ಅದೂ ಸಾಲದ ರೂಪದಲ್ಲಿ. ಸಾವಿರ ಅಡಿ ದಾಟಿದರೂ ಬರೀ ದೂಳು ಬಂದರೆ ಆ ನಷ್ಟ ಕೊರೆಸಿದವನದು. ನೀರು ಬಂದರೆ ಪಕ್ಕದ ಹೊಲದವನ ಬೋರು ಇಳಿಯುತ್ತದೆ. ಆ ನಷ್ಟವನ್ನು ಯಾವ ಪುಸ್ತಕದಲ್ಲೂ ಯಾರೂ ಬರೆಯಲ್ಲ.

ಇಂಥದ್ದನ್ನು ಬರೆಯೋಕೆ ಅಂತಲೇ ಒಂದು ಶಾಸ್ತ್ರ ಇದೆ, ಇಕಲಾಜಿಕಲ್ ಎಕನಾಮಿಕ್ಸ್. ಜೀವಪರಿಸರ ಅರ್ಥಶಾಸ್ತ್ರ ಅನ್ನೋಣ. ವಿಶ್ವಬ್ಯಾಂಕಿನಲ್ಲಿದ್ದುಕೊಂಡೇ ಅದರ ಲೆಕ್ಕಾಚಾರವನ್ನು ಪ್ರಶ್ನಿಸಿದ ಹರ್ಮನ್ ಡೇಲಿ ಈ ಶಾಸ್ತ್ರದ ಹಿರಿಯರಲ್ಲಿ ಒಬ್ಬರು. ಮಾರುಕಟ್ಟೆ ಅನ್ನೋದು ಮಣ್ಣು, ನೀರಿನ ಒಳಗಿರುವ ಒಂದು ಭಾಗ, ಹೊರಗಿನದಲ್ಲ ಎಂಬುದು ಅವರ ಮೂಲ ಮಾತು. ಕೆರೆ, ಗೋಮಾಳದಂಥ ಸಾಮೂಹಿಕ ಆಸ್ತಿಯನ್ನು ಜನರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೀರಗಂಟಿಗಳನ್ನು ಕಂಡಿದ್ದ ನಮ್ಮೂರ ಹಿರಿಯರಿಗೆ ಇದೇನೂ ಹೊಸದಲ್ಲ ಬಿಡಿ!

ಈ ಮಾತು ಈಗ ಯಾಕೆ ಅಂದರೆ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್‌ಗೆ ಗೊತ್ತಾಗಿರುವ ಜಾಗ ನಮ್ಮ ತಾಲ್ಲೂಕಿನ ಅಮರಾವತಿ. ಕಟ್ಟಡ ಎಷ್ಟಾಯ್ತು, ಅನುದಾನ ಎಷ್ಟು ಬಂತು ಅಂತ ಕೇಳೋರಿದ್ದಾರೆ. ಒಳಗೆ ಏನು ಕಲಿಸ್ತೀರಿ ಅಂತ ಕೇಳೋರು ಕಮ್ಮಿ. ಡಿಗ್ರಿಯಲ್ಲಿ ಪರಿಸರ ಅಧ್ಯಯನದ ಪತ್ರಿಕೆ ಇದೆಯಲ್ಲ ಅನ್ನಬಹುದು. ಅದು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗೋ ಪತ್ರಿಕೆ. ಓಜೋನ್ ಪದರದ ಬಗ್ಗೆ ಐದು ಅಂಕಕ್ಕೆ ಬರೆಯುವ ಹುಡುಗನಿಗೆ ಅವನ ಊರಿನ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿರೋದು ಗೊತ್ತಿರಲ್ಲ.

ಕೋರ್ಸ್ ಮಾಡಿದರೆ ಪಾಠಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಿಲ್ಲ. ಹನಿ ನೀರಾವರಿಯನ್ನೇ ತಗೊಳ್ಳಿ. ಎಕರೆಗೆ ನೀರು ಉಳಿಯುತ್ತದೆ, ನಿಜ. ಉಳಿದ ನೀರಲ್ಲಿ ಇನ್ನರ್ಧ ಎಕರೆ ಸೊಪ್ಪು ಹಾಕಿದರೆ ಒಟ್ಟು ಉಳಿತಾಯ ಎಲ್ಲಿ? ಹತ್ತೊಂಬತ್ತನೇ ಶತಮಾನದಲ್ಲೇ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಲ್ಲಿದ್ದಲ ವಿಚಾರದಲ್ಲಿ ಎತ್ತಿದ ಪ್ರಶ್ನೆ ಇದು.

ಇನ್ನೊಂದು ಪಾಠ ಎಚ್.ಎನ್. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಬಿಡುವ ಯೋಜನೆ. ಬತ್ತಿದ್ದ ಕೆರೆಗೆ ನೀರು ಬಂದದ್ದು ಲಾಭವೇ, ಅಲ್ಲಗಳೆಯೋಕೆ ಆಗಲ್ಲ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿ ಕೇಳುತ್ತಲೇ ಬಂದಿದೆ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ಕೆ.ಸಿ. ವ್ಯಾಲಿ ನೀರು ನೊರೆ ಉಕ್ಕಿಸಿದ ಮೇಲೆ ಹೈಕೋರ್ಟ್ ಕೆಲಕಾಲ ತಡೆ ನೀಡಿದ್ದೂ ಆಯ್ತು. ಮೂರನೇ ಹಂತ ದುಬಾರಿ ಅನ್ನುವಾಗ ಯಾರಿಗೆ ದುಬಾರಿ? ಮಾಡದೇ ಬಿಟ್ಟರೆ ಮುಂದಿನ ಮೂವತ್ತು ವರ್ಷದಲ್ಲಿ ಆ ಖರ್ಚು ಯಾರ ಮಣ್ಣಿನ, ಯಾರ ಮೈಯ ಮೇಲೆ ಬೀಳುತ್ತದೆ?

ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆಂದು 2,800ಕ್ಕೂ ಹೆಚ್ಚು ಎಕರೆ ಗುರುತಿಸಿದಾಗಲೂ ಚರ್ಚೆಯೆಲ್ಲ ಎಕರೆಗೆ ಎಷ್ಟು ಪರಿಹಾರ ಅನ್ನೋದರ ಸುತ್ತವೇ ಸುತ್ತಿತು. ಆ ತೋಟದ ಸೊಪ್ಪು ನಂಬಿದ ಹುಳು ಮನೆ, ಹುಳು ಮನೆ ನಂಬಿದ ರೀಲರ್, ರೀಲರ್ ನಂಬಿದ ಕೂಲಿ ಹೆಂಗಸರು ಪರಿಹಾರದ ಪಟ್ಟಿಯಲ್ಲಿ ಇರೋದಿಲ್ಲ. ಪರ ಇರಲಿ, ವಿರೋಧ ಇರಲಿ, ಮೊದಲು ಈ ಲೆಕ್ಕ ಮೇಜಿನ ಮೇಲೆ ಬರಬೇಕಿತ್ತು.

ಕಲಿಸೋರು ಸಿಗ್ತಾರಾ? ಬೆಂಗಳೂರಿನ ಐಸೆಕ್ ಸಂಸ್ಥೆಯಲ್ಲಿ ಇದಕ್ಕೇ ಒಂದು ಕೇಂದ್ರ ಇದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ. ಕಷ್ಟ ಇರೋದು ಬೇರೆ ಕಡೆ. ಈ ವಿಷಯದ ಪುಸ್ತಕಗಳು ಹೆಚ್ಚೂಕಮ್ಮಿ ಇಂಗ್ಲಿಷಿನಲ್ಲೇ ಇವೆ, ನಮ್ಮ ಸರ್ಕಾರಿ ಕಾಲೇಜಿನ ಬಹಳಷ್ಟು ಮಕ್ಕಳು ಅರ್ಥಶಾಸ್ತ್ರ ಬರೆಯೋದು ಕನ್ನಡದಲ್ಲಿ. ಕೆಲಸ ಸಿಗುತ್ತಾ ಅಂತ ಪೋಷಕರು ಕೇಳೋದೂ ನ್ಯಾಯವೇ. ಎರಡು ವರ್ಷದ ಎಂ.ಎ. ಒಮ್ಮೆಲೇ ಬೇಡ. ಅರ್ಥಶಾಸ್ತ್ರದ ಎಂ.ಎ.ಯಲ್ಲೇ ಒಂದು ಪತ್ರಿಕೆ, ಕನ್ನಡದಲ್ಲಿ ನೋಟ್ಸು, ಪರೀಕ್ಷೆಯ ಅರ್ಧ ಅಂಕ ಊರಿನ ಕೆಲಸಕ್ಕೆ. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಊರಿನ ಬೋರ್‌ವೆಲ್‌ಗಳ ಆಳ, ಕೊರೆಸಿದ ವರ್ಷ, ಬತ್ತಿದ ವರ್ಷ, ಮಾಡಿದ ಸಾಲ ಬರೆದುಕೊಂಡು ಬರಲಿ. ಐದು ವರ್ಷ ಹೀಗೆ ಮಾಡಿದರೆ ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ತೆರೆದಿಡಬಹುದಾದ ಒಂದು ದಾಖಲೆ ನಮ್ಮ ಕೈಲಿರುತ್ತದೆ.